ಕಡಲಿಲ್ಲದ ದೇಶಕ್ಕೆ ಹೊರಟವರಿಗೆ

ಶಾಹಿನಾಳ ದನಿ ಅಶ್ವಿತಾಳ ಅಡುಗೆಮನೆಗೆ ಬರುವುದು ಬೆಳಿಗ್ಗೆ, ಗಂಡ ಯಜ್ಞೇಶನ ಕಂಪನಿ ಬಸ್ಸು ಕತಾರಿನ ಅಲ್ ಖೋರ್‌ನ ಕಾಲೊನಿಯ ಗೇಟು ದಾಟಿ ರಾಸ್ ಲಫ್ಫಾನ್‌ನ ಗ್ಯಾಸ್ ಸ್ಥಾವರದ ಕಡೆಗೆ ತಿರುಗಿದ ಮೇಲೆ. ಹಿಂದೆಲ್ಲ ದನಿಯ ಬೆನ್ನಿಗೇ ಶಾಹಿನಾಳೂ ಬರುತ್ತಿದ್ದಳು, ತಲೆಗೆ ಅವಸರದಲ್ಲಿ ಸುತ್ತಿದ ದುಪಟ್ಟಾ, ಕೈಯಲ್ಲಿ ಮುಚ್ಚಿದ ತಟ್ಟೆ. ಈಗ ದನಿ ಮಾತ್ರ. ಅದೂ ಮೊಬೈಲಿನೊಳಗಿಂದ, ಉಗಾಂಡಾದಿಂದ.

ಇಬ್ಬರದ್ದೂ ಕಂಪನಿ ಕೊಟ್ಟ ಮನೆಗಳಾಗಿದ್ದವು. ನಡುವೆ ಒಂದೇ ಗೋಡೆ. ಅಶ್ವಿತಾ ಕಾಪುವಿನವಳು, ಶಾಹಿನಾ ಉಳ್ಳಾಲದವಳು. ಒಬ್ಬಳ ಮನೆಯಲ್ಲಿ ತುಳು, ಇನ್ನೊಬ್ಬಳ ಮನೆಯಲ್ಲಿ ಬ್ಯಾರಿ, ಇಬ್ಬರ ನಡುವೆ ಎರಡೂ ಕಲಸಿದ ಕನ್ನಡ. ಅವರಿಬ್ಬರಿಗೆ ಒಂದು ಕಟ್ಟಳೆಯಿತ್ತು. ಅಲ್ ಖೋರ್‌ನ ದಕ್ಕೆಯಿಂದ ಯಾರ ಮನೆಗೆ ಮೀನು ಬಂದರೂ, ಕಾಯಿಸುವಾಗ ಮೊದಲ ಕಾವಲಿಯ ಮೀನು ಆಚೆ ಮನೆಗೆ. ಎಣ್ಣೆ ಹೊಸದಿರುತ್ತದೆ, ಮಸಾಲೆ ಕರಟಿರುವುದಿಲ್ಲ. ಮೊದಲ ಕಾವಲಿಯ ರುಚಿ ಎರಡನೆಯದಕ್ಕೆ ಬರುವುದಿಲ್ಲ ಎಂಬುದು ಮೀನು ಕಾಯಿಸುವವರಿಗೆಲ್ಲ ಗೊತ್ತು. ಗಂಡಂದಿರಿಗೂ ಮಕ್ಕಳಿಗೂ ಎರಡನೆಯದು. ಈ ಕಟ್ಟಳೆಯನ್ನು ಯಾರೂ ಕೂತು ಮಾಡಿದ್ದಲ್ಲ, ಹಾಗಾಗಿ ಮುರಿಯುವುದು ಹೇಗೆಂದೂ ಯಾರಿಗೂ ತಿಳಿದಿರಲಿಲ್ಲ.

ಹೋದ ವರ್ಷ ಶಾಹಿನಾಳ ಗಂಡ ಫಾಯಿಝ್‌ಗೆ ಉಗಾಂಡಾದಲ್ಲಿ ಕೆಲಸವಾಯಿತು. ಅಲ್ಲಿ ಯಾವುದೋ ಸರೋವರದ ಬಳಿ ಎಣ್ಣೆ ಸಿಕ್ಕಿದೆಯಂತೆ, ಎಣ್ಣೆ ತೆಗೆದು ಗೊತ್ತಿದ್ದವರು ಬೇಕಂತೆ. ಹೊರಡುವ ದಿನ ಶಾಹಿನಾ ಅಳುತ್ತಲೇ ನಕ್ಕಳು. "ಹೋಗುದು ಹೋಗ್ತೇನೆ ಅಶ್ವೀ, ಆದ್ರೆ ಕಡಲಿಲ್ಲದ ಊರು ಮಾರಾಯ್ತಿ! ಉಳ್ಳಾಲದವಳು ಅಲ್ಲಿ ಹೋಗಿ ಎಂತ ಮಾಡುದು?" ಅಶ್ವಿತಾಳಿಗೆ ಆ ಮಾತು ಎಷ್ಟು ಸಮಾಧಾನ ಕೊಟ್ಟಿತೆಂದರೆ, ಆಮೇಲೆ ಅದನ್ನು ನೆನೆದು ಅವಳಿಗೇ ನಾಚಿಕೆಯಾಯಿತು. ಕಡಲಿಲ್ಲದ ಊರಿನಲ್ಲಿ ಇವಳಿಗೆ ಬೇಜಾರಾಗುತ್ತದೆ. ಬೇಜಾರಾದವಳು ನನ್ನನ್ನು ಮರೆಯುವುದಿಲ್ಲ.

ಮೊದಮೊದಲು ಹಾಗೆಯೇ ಆಯಿತು. ದಿನಾ ಬೆಳಿಗ್ಗೆ ದನಿ ಬರುತ್ತಿತ್ತು. ಎರಡೂ ಊರಿನ ಗಡಿಯಾರ ಒಂದೇ; ಅಲ್ಲಿಯ ಬೆಳಿಗ್ಗೆ ಇಲ್ಲಿಯೂ ಬೆಳಿಗ್ಗೆಯೇ. "ಅಶ್ವೀ, ಕೇಳ್ತಾ ಉಂಟಾ? ಇಲ್ಲಿ ರಸ್ತೆ ಬದಿಯಲ್ಲಿ ಹಲಸಿನಹಣ್ಣು ಕೊಯ್ದು ಮಾರ್ತಾರೆ ಮಾರಾಯ್ತಿ! ಫೆನೆ ಅಂತ ಹೆಸರು. ನಾನು ಬೀಜ ಕೂಡ ಕೊಡಿ ಅಂತ ಬೇಡಿ ತಂದೆ. ಆ ಹೆಂಗಸು ನನ್ನನ್ನು ಹುಚ್ಚಿ ಅಂತ ನೋಡಿತು." ಇನ್ನೊಂದು ದಿನ, "ಇಲ್ಲಿ ನಮ್ಮ ಊರಿನ ಹಾಗೆ ಎಡಗಡೆಯಲ್ಲಿ ಗಾಡಿ ಓಡ್ಸುದು. ಫಾಯಿಝ್‌ಗೆ ಕತಾರಿನ ಅಭ್ಯಾಸ, ಮೊನ್ನೆ ಬಸ್ಸಿಗೆ ಎದುರೇ ಹೋದ್ರು."

ಅಶ್ವಿತಾ ಅದನ್ನು ಪಾತ್ರೆ ತೊಳೆಯುವಾಗ ಒಮ್ಮೆ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಒಮ್ಮೆ ಕೇಳುತ್ತಿದ್ದಳು. ಆ ದೇಶ ಅವಳ ಪಾಲಿಗೆ ಒಂದು ದನಿಯಾಗಿತ್ತು, ಆ ದನಿ ತನ್ನೊಬ್ಬಳದಾಗಿತ್ತು.

ಆಮೇಲೆ ದನಿಯ ಹಿಂದೆ ಇನ್ನೊಂದು ನಗು ಕೇಳತೊಡಗಿತು. ದಪ್ಪ, ತುಂಬಿದ, ಹೊಟ್ಟೆಯಿಂದ ಬರುವ ನಗು.

"ಅದು ಪಕ್ಕದ ಮನೆಯ ನಕಾಟೊ. ಅವಳಿ ಹುಡುಗಿಯರಲ್ಲಿ ಎರಡನೆಯವಳಿಗೆ ಇಲ್ಲಿ ಇದೇ ಹೆಸರಂತೆ. ಶಾಲೆಯಲ್ಲಿ ಟೀಚರ್. ಎಂತ ತಮಾಷೆ ಹೆಂಗಸು ಗೊತ್ತುಂಟಾ, ನಿನಗೆ ಭಾರೀ ಹಿಡಿಸ್ತಾಳೆ."

ಹಿಡಿಸುವುದೋ ಬಿಡುವುದೋ, ಅಶ್ವಿತಾ ಆ ನಗುವನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಅವಳು ಶಾಹಿನಾಳ ಯಾವ ಮಾತಿಗೆ ನಗುತ್ತಿದ್ದಾಳೆಂದು ತಿಳಿಯಲಿಲ್ಲ. ತಿಳಿಯದ್ದೇ ಹೆಚ್ಚು ಚುಚ್ಚಿತು. ಹಾಗಿರುವಾಗ ಒಂದು ಬೆಳಿಗ್ಗೆ ಈ ಮಾತು ಬಂತು:

"ನಿನ್ನೆ ಟಿಲಾಪಿಯಾ ಕಾಯಿಸಿದೆ ಅಶ್ವೀ. ಸರೋವರದ ಮೀನು, ನಮ್ಮದರ ಹಾಗಲ್ಲ, ಆದ್ರೂ ಪರವಾಗಿಲ್ಲ. ಮೊದಲ ಕಾವಲಿ ನಕಾಟೊಗೆ ಕೊಟ್ಟೆ. ಅಭ್ಯಾಸ ಹೋಗುದಿಲ್ಲ ನೋಡು!"

ಅಶ್ವಿತಾ ಅಂದು ಅಂಜಲ್ ಮೀನು ಕಾಯಿಸುತ್ತಿದ್ದಳು. ಕಾವಲಿಯ ಮೇಲಿದ್ದದ್ದು ಕರಟಿ ಹೋಗಿ, ಹೊಗೆ ಹಜಾರದವರೆಗೆ ಬಂದು, ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ ಪೂವಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಬಂದರು.

"ಎಂತ ಕರಟುದು ಅಶ್ವಿತಾ?"

"ಎಂತದ್ದೂ ಇಲ್ಲ ಅತ್ತೆ."

"ಮೀನಲ್ಲ ಹಾಗಾದ್ರೆ," ಎಂದರು ಪೂವಕ್ಕ, ಕಿಟಕಿ ತೆರೆಯುತ್ತಾ. ಅವರಿಗೆ ಕಣ್ಣು ಸ್ವಲ್ಪ ಮಂಜು, ಉಳಿದದ್ದೆಲ್ಲ ನಿಚ್ಚಳ.

ಅಶ್ವಿತಾ ಉತ್ತರವಾಗಿ 'ಒಳ್ಳೆದಾಯ್ತು ಮಾರಾಯ್ತಿ' ಎಂದು ಬರೆದು ನಗುಮುಖಗಳನ್ನು ಸಾಲಾಗಿ ಹಾಕಿದಳು. ಒಂದು ನಗುಮುಖ ಹಾಕುವವಳು ನಕ್ಕಿರಬಹುದು; ಸಾಲಾಗಿ ಹಾಕುವವಳು ಹಲ್ಲು ಕಚ್ಚಿಕೊಂಡಿರುತ್ತಾಳೆ. ಶಾಹಿನಾ ಹೋದ ಮೇಲೆ ಅವಳು ಮೊದಲ ಕಾವಲಿಯ ಮೀನನ್ನು ಮಕ್ಕಳಿಗೂ ಕೊಟ್ಟಿರಲಿಲ್ಲ. ಒಂದು ತಟ್ಟೆಯಲ್ಲಿ ಮುಚ್ಚಿಡುತ್ತಿದ್ದಳು, ಎಲ್ಲರ ಊಟವಾದ ಮೇಲೆ ತಣ್ಣಗಾದದ್ದನ್ನು ತಾನೇ ತಿನ್ನುತ್ತಿದ್ದಳು. ಇವಳಿಲ್ಲಿ ಮುಚ್ಚಿಡುವುದು, ಅವಳಲ್ಲಿ ಗೋಡೆಯಾಚೆ ಕೊಡುವುದು!

ಆದರೂ ಶಾಹಿನಾಳೇ ಒಂದು ದಿನ ಗಾಯಕ್ಕೆ ಎಣ್ಣೆ ಹಚ್ಚಿದಳು. "ಬಕ್ರೀದ್ ರಜೆಗೆ ಇಲ್ಲಿಗೆ ಬಾ ಅಶ್ವೀ. ದೋಹಾದಿಂದ ಸೀದಾ ವಿಮಾನ ಉಂಟು. ಜಿಂಜಾ ಅಂತ ಊರು, ಅಲ್ಲಿ ನೈಲ್ ನದಿ ಹುಟ್ಟುದು. ನೀರಿಗೆ ಕಾಲು ಇಳಿಬಿಟ್ಟು ಕೂತ್ಕೊಂಡು ಹೊಟ್ಟೆ ತುಂಬ ಮಾತಾಡುವ."

ಅಶ್ವಿತಾ ಯಾರಿಗೂ ಹೇಳಲಿಲ್ಲ, ಯಜ್ಞೇಶನಿಗೊಬ್ಬನಿಗೆ ಬಿಟ್ಟು. ನೀರಿಗೆ ಇಳಿಬಿಟ್ಟ ಕಾಲುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಅವಳ ದಿನಗಳು ಸಾಗಿದವು. ನಾಲ್ಕು ಕಾಲು. ಅದರಲ್ಲಿ ಐದನೆಯದಕ್ಕೆ ಜಾಗವಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೇಜಲ್ ಬಂದಳು. ಹಿಂದಿನ ಸಾಲಿನ ಮನೆಯ ಹೇಜಲ್, ಬೆಳಿಗ್ಗೆ ಅಬು ಹಮೂರ್‌ನ ಇಗರ್ಜಿಗೆ ವಾರದ ಪ್ರಾರ್ಥನೆಗೆ ಹೋಗಿ ಬಂದವಳು, ಪೂಜೆಯ ಸೀರೆಯನ್ನೂ ಬದಲಿಸಿರಲಿಲ್ಲ. ಅಲ್ ಖೋರ್‌ನ ಕರಾವಳಿಯವರ ಪ್ರವಾಸಕ್ಕೆಲ್ಲ ಹೇಜಲಳೇ ಮುಂದಾಳು. ಒಂದು ರಜೆಗೆ ಬಾಕು, ಇನ್ನೊಂದು ರಜೆಗೆ ತ್ಬಿಲಿಸಿ, ಹೀಗೆ ಊರುಗಳನ್ನು ಅವಳು ಜಪಮಾಲೆಯ ಮಣಿಯ ಹಾಗೆ ಸರಿಸುತ್ತಿದ್ದಳು.

"ಅಶ್ವಿತಾ, ಯಲ್ಲಾ, ಈ ಬಕ್ರೀದಿಗೆ ನಾವೆಲ್ಲ ಉಗಾಂಡಾ! ಶಾಹಿನಾ ಕರೆದಿದ್ದಾಳೆ, ಕೇಳು," ಎಂದು ಮೊಬೈಲು ಒತ್ತಿದಳು.

ಶಾಹಿನಾಳ ದನಿ ಅಶ್ವಿತಾಳ ಹಜಾರದಲ್ಲಿ, ಹೇಜಲಳ ಕೈಯಿಂದ ಹೊರಟಿತು. "ಹೇಜಲ್ ಬಾಯೀ, ನೀವೆಲ್ಲ ಬನ್ನಿ. ಜಿಂಜಾ ಅಂತ ಊರು, ಅಲ್ಲಿ ನೈಲ್ ನದಿ ಹುಟ್ಟುದು. ನೀರಿಗೆ ಕಾಲು ಇಳಿಬಿಟ್ಟು ಕೂತ್ಕೊಂಡು ಹೊಟ್ಟೆ ತುಂಬ ಮಾತಾಡುವ."

ಅದೇ ಮಾತು. ಅದೇ ನೀರು. ಅಶ್ವಿತಾಳಿಗೆ ತನ್ನ ಕಾಲುಗಳ ಪಕ್ಕದಲ್ಲಿ ಹೇಜಲಳ ಕಾಲು, ದಿನಸಿ ಅಂಗಡಿಯ ಝುಲೈಖಾಳ ಕಾಲು, ಇಡೀ ಅಲ್ ಖೋರ್‌ನ ಕಾಲುಗಳು ಸಾಲಾಗಿ ನೀರಿಗಿಳಿದದ್ದು ಕಂಡಿತು. ಆ ಸಾಲಿನ ಕೊನೆಯಲ್ಲಿ ನಕಾಟೊ ನಗುತ್ತಿದ್ದಳು.

"ಈ ಸಲ ಪರಿಚಯ ನೀನು ಬರೀಬೇಕು," ಎಂದಳು ಹೇಜಲ್.

ಅದು ಅವರಲ್ಲಿ ನಡೆದು ಬಂದದ್ದು. ಯಾವ ದೇಶಕ್ಕೆ ಹೋಗುವುದಿದ್ದರೂ ಮೊದಲೊಂದು ಸಂಜೆ ಎಲ್ಲರೂ ಸೇರಬೇಕು, ಚಾ ಗೋಳಿಬಜೆ ಆಗಬೇಕು, ಯಾರಾದರೊಬ್ಬರು ಆ ದೇಶದ ಪರಿಚಯ ಬರೆದು ಓದಬೇಕು. ಓದಿ ಮುಗಿದ ಮೇಲೆ ಬರುವವರು ಕೈ ಎತ್ತಬೇಕು. ಬಾಕುವಿನ ಪರಿಚಯವನ್ನು ಝುಲೈಖಾ ಬರೆದಿದ್ದಳು. ಅದರಲ್ಲಿ ಅರ್ಧ ಬಿರಿಯಾನಿ ಹೋಟೆಲುಗಳ ಹೆಸರೇ ಇತ್ತು. ಅಶ್ವಿತಾ ಕಾಲೊನಿಯ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದವಳು. "ನಿನ್ನ ಕನ್ನಡ ಚೆಂದ, ಶಾಹಿನಾಳ ಸುದ್ದಿ ಎಲ್ಲ ನಿನ್ನ ಹತ್ರ ಉಂಟು. ಇನ್ಯಾರು ಬರೀಬೇಕು?"

'ನನ್ನಿಂದಾಗದು' ಎನ್ನಲು ಬಾಯಿ ತೆರೆದ ಅಶ್ವಿತಾ ಅರ್ಧದಲ್ಲೇ ನಿಂತಳು. ಕೈ ಎತ್ತುವುದು ಓದಿದ ಮೇಲೆ. ಓದುವುದು ತಾನು ಬರೆದದ್ದನ್ನು.

"ಬರೀತೇನೆ," ಎಂದಳು.

ಸುಳ್ಳು ಬರೆಯುವ ಜಾತಿಯವಳಲ್ಲ ಅವಳು. ಶಾಹಿನಾಳ ದನಿಗಳನ್ನೆಲ್ಲ ಮೊದಲಿಂದ ಮತ್ತೆ ಕೇಳಿದಳು. ಅನುಮಾನ ಬಂದದ್ದನ್ನು ನೆಟ್‌ನಲ್ಲಿ ನೋಡಿಕೊಂಡಳು. ಬರೆದದ್ದರಲ್ಲಿ ನಿಜವಲ್ಲದ್ದು ಒಂದೂ ಇರಲಿಲ್ಲ. ಆದರೆ ಮದುವೆಗೆ ಹುಡುಗಿ ನೋಡಲು ಬಂದವರಿಗೆ ನೆರೆಯವಳು ಹುಡುಗಿಯ ಬಗ್ಗೆ ನಿಜ ಹೇಳುವುದಿಲ್ಲವೇ, 'ಬಣ್ಣ ಸ್ವಲ್ಪ ಕಮ್ಮಿ, ಮಾತು ಸ್ವಲ್ಪ ಜಾಸ್ತಿ, ಮತ್ತೆಲ್ಲ ಒಳ್ಳೆ ಹುಡುಗಿ' ಎಂದು? ಹಾಗೆ ಬರೆದಳು. ಬರೆಯುತ್ತಾ ಹೋದ ಹಾಗೆ ಕೈಗೆ ಹುರುಪು ಬಂತು. ಆ ದೇಶದ ಬೆಟ್ಟ, ಮಣ್ಣು, ಹಕ್ಕಿ, ಬಾಳೆಕಾಯಿ ಒಂದೊಂದರ ಮೇಲೂ ಅವಳಿಗೆ ಸ್ವಂತ ಸಿಟ್ಟಿತ್ತು. ನನ್ನ ಗೆಳತಿಯನ್ನು ಒಳಗೆ ಹಾಕಿಕೊಂಡ ದೇಶವಲ್ಲವೇ? ನೀನೆಷ್ಟು ಚೆಂದ ಅಂತ ನಾನೂ ನೋಡುತ್ತೇನೆ.

ಪರಿಚಯದ ಸಂಜೆ ಹೇಜಲಳ ಹಜಾರ ತುಂಬಿತು. ಹೊರಗೆ ಮೇ ತಿಂಗಳ ಸೆಕೆ, ಗಾಳಿಯಲ್ಲಿ ಮರಳು. ಒಳಗೆ ಎಸಿ ಗೊರಗೊರ ಎನ್ನುತ್ತಿತ್ತು. ಝುಲೈಖಾ ಮತ್ತು ಅವಳ ಗಂಡ ಮೊಯ್ದಿನ್ ಕುಂಞಿ ಬಂದಿದ್ದರು. ಅಲ್ ಖೋರ್‌ನಲ್ಲಿ ದಿನಸಿ ಅಂಗಡಿ ಇಟ್ಟು ತಲೆ ಬೆಳ್ಳಗೆ ಮಾಡಿಕೊಂಡವರು ಅವರು. ಹೆಂಡತಿ ಎಲ್ಲಿಗೆ ಹೋದರೂ ಇಷ್ಟು ವರ್ಷದಲ್ಲಿ ತಾವು ಒಂದು ಪ್ರವಾಸಕ್ಕೂ ಕೈ ಎತ್ತಿದವರಲ್ಲ, ಬರುವುದು ಗೋಳಿಬಜೆಗೆ. ಪೂವಕ್ಕ ಸೋಫಾದ ತುದಿಯಲ್ಲಿ ಕೂತಿದ್ದರು. ಅಶ್ವಿತಾ ಗಂಟಲು ಸರಿಮಾಡಿಕೊಂಡು ಓದಿದಳು.

"ಉಗಾಂಡಾ ಆಫ್ರಿಕಾದ ನಡುವೆ ಸಿಕ್ಕಿಹಾಕಿಕೊಂಡ ದೇಶ. ಸುತ್ತ ಐದು ದೇಶಗಳ ಬೇಲಿ. ಯಾವ ದಿಕ್ಕಿಗೆ ಹೋದರೂ ಕಡಲಿಲ್ಲ. ಬಂಗುಡೆಯಿಲ್ಲ, ಬೂತಾಯಿಯಿಲ್ಲ, ಅಂಜಲ್ ಇಲ್ಲವೇ ಇಲ್ಲ. ಸಿಗುವುದು ಉಪ್ಪು ಕಾಣದ ಸರೋವರದ ಮೀನು."

ಹಜಾರದಲ್ಲಿ ಒಂದು ನಿಟ್ಟುಸಿರು ಹೋಯಿತು. ಅಶ್ವಿತಾಳಿಗೆ ಧೈರ್ಯ ಬಂತು.

"ಹೊರಡುವ ಮೊದಲು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು, ಅದರ ಕಾರ್ಡು ಕೈಯಲ್ಲಿರಬೇಕು. ಮಲೇರಿಯಾದ ಮಾತ್ರೆ ಬೇರೆ. ವೀಸಾ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಬೇಕು. ಹಿಂದೊಮ್ಮೆ ಈ ದೇಶ ಅಲ್ಲಿದ್ದ ಭಾರತೀಯರನ್ನೆಲ್ಲ ಗಂಟುಮೂಟೆ ಸಮೇತ ಓಡಿಸಿತ್ತು ಎಂಬುದು ನೆನಪಿರಲಿ."

"ಆಮೇಲೆ ವಾಪಸು ಕರೆದ್ರಲ್ಲ," ಎಂದ ಯಜ್ಞೇಶ, ಬಾಯಲ್ಲಿ ಗೋಳಿಬಜೆ ಇಟ್ಟುಕೊಂಡು. ಅಶ್ವಿತಾ ಅವನತ್ತ ನೋಡಿದ ನೋಟಕ್ಕೆ ಗೋಳಿಬಜೆ ಗಂಟಲಲ್ಲಿ ನಿಂತಿತು.

"ಬಕ್ರೀದಿನ ಹೊತ್ತಿಗೆ ಅಲ್ಲಿ ಇನ್ನೂ ಮಳೆ ಬಿಟ್ಟಿರುವುದಿಲ್ಲ. ಬೆಳಿಗ್ಗೆ ಒಗೆದ ಬಟ್ಟೆ ಮಾರನೆಯ ದಿನಕ್ಕೂ ಒಣಗುವುದಿಲ್ಲ. ಮಣ್ಣು ಕುಂಕುಮದ ಹಾಗೆ ಕೆಂಪು; ಚಪ್ಪಲಿಗೆ ಹತ್ತಿದರೆ ಬಿಡುವುದಿಲ್ಲ, ಬಿಳಿ ಬಟ್ಟೆ ಒಯ್ದವರು ಅದರ ಆಸೆ ಬಿಡಬೇಕು. ಕತ್ತಲಾದರೆ ಕಪ್ಪೆಗಳ ಗಲಾಟೆಗೆ ಮೊಬೈಲಿನಲ್ಲಿ ಮಾತು ಕೇಳುವುದಿಲ್ಲ."

ಝುಲೈಖಾ ಕೈಯಲ್ಲಿದ್ದ ಲೋಟವನ್ನು ಮೆಲ್ಲನೆ ಕೆಳಗಿಟ್ಟಳು. "ಕಪ್ಪೆ ಉಂಟಾ?" ಎಂದಳು, ಯಾರಿಗೂ ಅಲ್ಲದ ಹಾಗೆ. "ನನ್ನ ಮಕ್ಕಳು ಕಪ್ಪೆಯ ಸದ್ದೇ ಕೇಳ್ಲಿಲ್ಲ."

ಅಶ್ವಿತಾ ಬೇಗ ಬೇಗ ಮುಂದಕ್ಕೆ ಓದಿದಳು. "ಊಟಕ್ಕೆ ಬಾಳೆಕಾಯಿ. ಅದನ್ನು ಬಾಳೆಲೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿ ಹಿಸುಕುತ್ತಾರೆ, ಮತೋಕೆ ಎಂದು ಹೆಸರು. ಬೆಳಿಗ್ಗೆ ಅದು, ಮಧ್ಯಾಹ್ನ ಅದು, ಸಂಜೆಗೂ ಅದೇ. ಮೇಲೆ ನೆಲಗಡಲೆಯ ಸಾರು. ಹಲಸಿನಹಣ್ಣು ರಸ್ತೆ ಬದಿಯಲ್ಲೇ ಕೊಯ್ಯುತ್ತಾರೆ, ನೊಣ ಮುತ್ತಿರುತ್ತದೆ, ಮೇಣ ಕೈಗೆ ಹತ್ತಿದರೆ ಎಣ್ಣೆ ಹುಡುಕಬೇಕು."

"ತುಳುವವಾ, ಬಕ್ಕೆಯಾ?" ಪೂವಕ್ಕ ಕೇಳಿದರು.

"ಎಂತ ಅತ್ತೆ?"

"ಹಲಸು. ಲೊಳಲೊಳದ್ದಾ, ಗಟ್ಟಿಯದ್ದಾ?"

"ಗಟ್ಟಿಯದ್ದಂತೆ," ಎಂದಳು ಅಶ್ವಿತಾ, ಹಲ್ಲಿನ ಸಂದಿಯಿಂದ.

"ಹಾಗಾದ್ರೆ ನನ್ನ ವೀಸಾ ನೋಡು ಯಜ್ಞೇಶಾ," ಎಂದರು ಪೂವಕ್ಕ.

ಎಲ್ಲರೂ ನಕ್ಕರು. ಅಶ್ವಿತಾ ನಗಲಿಲ್ಲ. ಇನ್ನೂ ದೊಡ್ಡ ಬಾಣಗಳಿದ್ದವು. ಕಂಪಾಲಾ ಪೇಟೆಯ ಕಸದ ರಾಶಿಗಳ ಮೇಲೆ ಎದೆಯೆತ್ತರದ ಬೋಳುತಲೆಯ ಕೊಕ್ಕರೆಗಳು, ಪಿಂಚಣಿಗೆ ಕಾಯುವ ಹೆಡ್ಮಾಸ್ತರರ ಹಾಗೆ ಕೈ ಹಿಂದೆ ಕಟ್ಟಿ ನಿಂತಿರುತ್ತವೆ ಎಂದು ಓದಿದಳು. ಹೆದರುತ್ತಾರೆ ಎಂದುಕೊಂಡರೆ ಹೇಜಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು, ತನ್ನ ಶಾಲೆಯ ಹೆಡ್ಮಾಸ್ತರರ ಹೆಸರು ಹೇಳಿದಳು. ಬೋಡಾ ಬೋಡಾ ಎಂಬ ಬೈಕುಗಳು ಒಂದೇ ಸೀಟಿನಲ್ಲಿ ಅಪ್ಪ, ಅಮ್ಮ, ಮಗು ಮತ್ತು ಜೀವಂತ ಕೋಳಿಯನ್ನು ಕೂರಿಸಿಕೊಂಡು ಎದುರಿನಿಂದ ಬರುತ್ತವೆ ಎಂದು ಓದಿದಳು. "ಕೋಳಿಗೆ ಹೆಲ್ಮೆಟ್ ಉಂಟಾ?" ಎಂದು ಯಾರೋ ಕೇಳಿದರು. ಆನೆ, ಸಿಂಹ ನೋಡಬೇಕಾದರೆ ದಿನವಿಡೀ ವ್ಯಾನಿನಲ್ಲಿ ಕುಲುಕಾಡಬೇಕು ಎಂದು ಓದಿದಳು. ಈ ಮಾತಿಗೆ ಮಕ್ಕಳು ಒಳಕೋಣೆಯಿಂದಲೇ ಕೂಗು ಹಾಕಿದರು.

ಕೊನೆಯ ಬಾಣವೊಂದು ಉಳಿದಿತ್ತು. ಗಲ್ಫಿನ ಅವಸರದವರಿಗೆ ಇದು ಖಂಡಿತ ತಾಗುತ್ತದೆ ಎಂದು ಅದನ್ನು ಕಡೆಗಿಟ್ಟಿದ್ದಳು.

"ಅಲ್ಲಿ ಯಾವುದೂ ಬೇಗ ಆಗುವುದಿಲ್ಲ. ಅಂಗಡಿಗೆ ಹೋಗಿ ನೇರ ಉಪ್ಪು ಕೇಳುವ ಹಾಗಿಲ್ಲ, ಅದು ಒರಟುತನ. ಮೊದಲು ಅಂಗಡಿಯವನನ್ನು ರಾತ್ರಿ ನಿದ್ದೆ ಹೇಗಾಯಿತು ಎಂದು ಕೇಳಬೇಕು. ಅವನು ನಿಮ್ಮನ್ನು ಕೇಳುತ್ತಾನೆ. ಮನೆಯವರು ಹೇಗಿದ್ದಾರೆ ಎನ್ನಬೇಕು. ದಾರಿಯಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಸುಮ್ಮನೆ ದಾಟಬಾರದು, 'ಜೆಬಾಲೆ ಕೊ' ಎನ್ನಬೇಕು. ದುಡಿಯುತ್ತಿದ್ದೀಯಲ್ಲ, ನಿನಗೆ ಒಳ್ಳೆಯದಾಗಲಿ ಎಂದ ಹಾಗೆ. ಇಷ್ಟೆಲ್ಲ ಆಗಿ ಉಪ್ಪು ಕೈಗೆ ಬರುವಾಗ ಒಲೆಯ ಮೇಲಿನ ಸಾರು ಬತ್ತಿರುತ್ತದೆ. ಇಷ್ಟರ ಮೇಲೂ ಹೋಗುವುದಿದ್ದರೆ, ಅವರವರ ಇಷ್ಟ."

ಓದು ಮುಗಿಯಿತು. ಮೊದಲು ಮಾತಾಡಿದ್ದು ಮೊಯ್ದಿನ್ ಕುಂಞಿ.

"ಅಂಗಡಿಯವನ ಹತ್ರ ನಿದ್ದೆ ಆಯ್ತಾ ಅಂತ ಕೇಳ್ತಾರಾ?" ಎಂದರು ಅವರು. "ನನ್ನ ಅಂಗಡಿಗೆ ಜನ ಬರುದಿಲ್ಲ ಅಶ್ವಿತಾ, ಕಾರು ಬರ್ತದೆ. ಹೊರಗೆ ನಿಂತು ಹಾರ್ನ್ ಹೊಡೀತದೆ. ನಾನು ಓಡಿ ಹೋಗ್ಬೇಕು, ಗ್ಲಾಸು ಇಷ್ಟು ಇಳೀತದೆ, ನೀರು, ರೊಟ್ಟಿ, ಖಲಾಸ್. ಮುಖ ಕೂಡ ಕಾಣುದಿಲ್ಲ." ಗಡ್ಡ ಸವರಿಕೊಂಡರು. "ಅಲ್ಲಿ ಒಂದು ಅಂಗಡಿಗೆ ಹೋಗಿ ಸುಮ್ನೆ ಉಪ್ಪು ತೆಗೊಳ್ಬೇಕು ನನಗೆ."

ಅವರ ಕೈ ಮೇಲೆದ್ದಿತು. ಹಿಂದೆಯೇ ಝುಲೈಖಾಳದ್ದು, ಹೇಜಲಳದ್ದು, ಗೋಡೆಗೊರಗಿ ನಿಂತವರದ್ದು, ಪೂವಕ್ಕನದ್ದು, ಮಕ್ಕಳದ್ದೂ. ತ್ಬಿಲಿಸಿಗೆ ಎದ್ದದ್ದಕ್ಕಿಂತ ಹೆಚ್ಚು ಕೈಗಳು. ಮೀನಿನ ಚಿಂತೆ ಬೇಡ, ಒಣಮೀನು ಕಟ್ಟಿಕೊಂಡು ಹೋದರಾಯಿತು ಎಂದು ಅಲ್ಲೇ ತೀರ್ಮಾನವಾಯಿತು. ಒಂದು ವ್ಯಾನು ಸಾಲದು, ಎರಡು ಬೇಕು ಎಂದು ಹೇಜಲ್ ಕೂಗಿ ಹೇಳಿದಳು. "ಎಷ್ಟು ಚೆಂದ ಬರೆದಿದ್ದಿ ಮಾರಾಯ್ತಿ! ನನಗೆ ಈಗಲೇ ಕಾಲಿಗೆ ಕೆಸರು ಹತ್ತಿದ ಹಾಗೆ ಆಗ್ತಾ ಉಂಟು. ನಿಲ್ಲು, ಇದನ್ನು ಶಾಹಿನಾಳಿಗೂ ಕಳಿಸ್ತೇನೆ."

ಏಳದ ಕೈ ಅಶ್ವಿತಾಳದ್ದೊಂದೇ. ಅದರಲ್ಲಿ ಆ ಹಾಳೆಗಳಿದ್ದವು. ತನ್ನ ತಪ್ಪು ಎಲ್ಲಿ ಆಯಿತೆಂದು ಅವಳಿಗೆ ಆಗ ಹೊಳೆಯಿತು. ಕೆಸರು, ಕಪ್ಪೆ, ಒಣಗದ ಬಟ್ಟೆ, ಕೈಗೆ ಹತ್ತುವ ಮೇಣ. ಕಾಪುವಿನವಳು ಮರಳುಗಾಡಿನಲ್ಲಿ ಕೂತು, ಕಾಪು ಉಳ್ಳಾಲ ಮೂಲ್ಕಿಯವರನ್ನು ಇವುಗಳಿಂದ ಹೆದರಿಸಲು ಹೊರಟಿದ್ದಳು! ಇಲಿಗೆ ಬೋನಿನ ಭಯ ಹುಟ್ಟಿಸಲು ಕೊಬ್ಬರಿಯ ವರ್ಣನೆ ಮಾಡಿದ ಹಾಗಾಯಿತು.

ಮನೆಗೆ ನಡೆದು ಬರುವಾಗ ಅವಳೆಂದಳು, "ನಾನು ಬರುದಿಲ್ಲ. ನೀವು ಅತ್ತೆಯನ್ನು, ಮಕ್ಕಳನ್ನು ಕರ್ಕೊಂಡು ಹೋಗಿ."

"ನೀನೇ ಇಡೀ ಊರನ್ನು ಹೊರಡಿಸಿ, ಈಗ ನೀನೇ ಬರುದಿಲ್ವಾ?" ಯಜ್ಞೇಶನಿಗೆ ನಿಜವಾಗಿ ಅರ್ಥವಾಗಲಿಲ್ಲ. "ಶಾಹಿನಾ ಎಂತ ಹೇಳ್ಲಿಕ್ಕಿಲ್ಲ?"

"ಅವಳಿಗೆ ಜನಕ್ಕೆ ಬರಗಾಲವಾ? ಇಲ್ಲಿಂದ ಎರಡು ವ್ಯಾನು ಹೋಗ್ತದೆ. ಪಕ್ಕದಲ್ಲಿ ಒಬ್ಳು ಉಂಟು. ನಾನು ಹೋಗಿ ಸಾಲಿನಲ್ಲಿ ನಿಂತು ಕಾಲು ಮುಳುಗಿಸ್ಬೇಕಾ?"

ಯಜ್ಞೇಶ ತಾಯಿಯ ಮುಖ ನೋಡಿದ. ಪೂವಕ್ಕ ಸುಮ್ಮನಿರು ಎಂಬಂತೆ ಕೈಯಾಡಿಸಿದರು.

ಮರುದಿನ ಬೆಳಿಗ್ಗೆ ದನಿ ಬಂತು. ಅಶ್ವಿತಾ ತಕ್ಷಣ ಕೇಳಲಿಲ್ಲ. ದೋಸೆ ಹೊಯ್ದಳು, ಮಕ್ಕಳನ್ನು ಬಿಟ್ಟು ಬಂದಳು, ಸಿಂಕ್ ತಿಕ್ಕಿದಳು. ಆಮೇಲೆ ಕೈ ಒರೆಸಿಕೊಂಡು ಒತ್ತಿದಳು.

"ಅಶ್ವೀ, ಹೇಜಲ್ ಬಾಯಿ ಕಳಿಸಿದ್ದನ್ನು ಓದಿದೆ. ಎಂತ ಬರೆದಿದ್ದಿ ಮಾರಾಯ್ತಿ! ನಾನು ದಿನಾ ನೋಡುದು, ಆ ಕೊಕ್ಕರೆ ಹೆಡ್ಮಾಸ್ತರರ ಹಾಗೆ ನಿಲ್ಲುದು ನನಗೆ ಕಂಡಿರ್ಲೇ ಇಲ್ಲ. ನಕಾಟೊಗೆ ಇಂಗ್ಲಿಷಿನಲ್ಲಿ ಮಾಡಿ ಹೇಳಿದೆ. ಅವಳು ಎಂತ ಹೇಳಿದ್ಳು ಗೊತ್ತುಂಟಾ? ಈ ಹೆಂಗಸು ಯಾರೂ ಬರಬಾರದು ಅಂತ ಬರೆದದ್ದು, ನನ್ನ ದೇಶವನ್ನು ಸವತಿಯನ್ನು ನೋಡಿದ ಹಾಗೆ ನೋಡಿದ್ದಾಳೆ, ಅಂತ. ನಾನು ಜೋರು ಬೈದೆ, ನಮ್ಮ ಅಶ್ವಿ ಹಾಗೆ ಅಲ್ಲ ಅಂತ. ಅವಳು ಹೇಳ್ತಾಳೆ, ನನ್ನ ಅಜ್ಜನಿಗೆ ಮೂರು ಹೆಂಡಂದಿರು, ಒಬ್ಬಳ ಹೊಸಿಲು ಎಲ್ಲಿ ಒಡೆದಿದೆ ಅಂತ ಇನ್ನೊಬ್ಬಳಿಗೇ ಗೊತ್ತಿದ್ದದ್ದು, ಅಂತ."

ಹಿಂದೆ ಆ ನಗು. ಅಶ್ವಿತಾಳ ಕಿವಿಯವರೆಗೆ ಬಿಸಿಯೇರಿತು. ಅಷ್ಟು ವರ್ಷ ಗೋಡೆಯಾಚೆ ಬಾಳಿದವಳಿಗೆ ತಿಳಿಯದ್ದು, ಮುಖ ನೋಡದವಳಿಗೆ ತಿಳಿಯಿತಲ್ಲ! ಅದೂ ಇವಳಿಗೇ ತಿಳಿಯಬೇಕೇ!

ದನಿ ಮುಂದುವರಿಯಿತು, ಆದರೆ ಈಗ ಸಣ್ಣದಾಗಿತ್ತು. ಶಾಹಿನಾ ಎದ್ದು ಬೇರೆ ಕೋಣೆಗೆ ಹೋದಂತಿತ್ತು. "ಹೌದಾ ಅಶ್ವೀ? ಹೌದಾದ್ರೆ ಒಂದು ಹೇಳ್ತೇನೆ. ಇಲ್ಲಿ ಮೊದಲ ಸಲ ಮೀನು ಕಾಯಿಸಿದ ದಿನ ಮೊದಲ ಕಾವಲಿ ನಾನೇ ಬಾಯಿಗೆ ಹಾಕಿದೆ. ಇಳೀಲಿಲ್ಲ. ಮಕ್ಕಳಿಗೆ ಕೊಡ್ಲಿಕ್ಕೂ ಮನಸ್ಸು ಬರ್ಲಿಲ್ಲ. ಗೋಡೆಯಾಚೆ ಯಾರಾದ್ರೂ ಬೇಕಿತ್ತು ಮಾರಾಯ್ತಿ, ತಟ್ಟೆ ಹಿಡ್ಕೊಂಡು ಹೋದೆ, ಅವಳು ಬಾಗಿಲು ತೆಗೆದ್ಳು. ಅಷ್ಟೇ. ನೀನು ಬರ್ಬೇಕು. ಅವರೆಲ್ಲ ಆನೆ ನೋಡ್ಲಿಕ್ಕೆ ಹೋಗ್ಲಿ, ಆ ದಿನ ನಾವಿಬ್ರೇ ಜಿಂಜಾಕ್ಕೆ ಹೋಗುವ."

ಅಶ್ವಿತಾ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಬಾಗಿಲಿನಾಚೆಯಿಂದಿರಬೇಕು, ದಪ್ಪ ದನಿಯೊಂದು ಇಂಗ್ಲಿಷಿನಲ್ಲಿ ಕೂಗಿತು. ಶಾಹಿನಾ ನಕ್ಕುಬಿಟ್ಟಳು. "ಕಾರು ತನ್ನದಂತೆ. ಓಡಿಸುದು ತಾನಂತೆ. ಹಾಗಾಗಿ ಮೂವರು."

ದನಿ ಅಲ್ಲಿಗೆ ಮುಗಿಯಿತು.

ಅಶ್ವಿತಾ ಮೊಬೈಲು ಕೆಳಗಿಟ್ಟಳು. ಆಮೇಲೆ ಕಪಾಟಿನಿಂದ ಒಣ ಸೀಗಡಿಯ ಕಟ್ಟು ತೆಗೆದಳು. ಕಡ್ಡಿ ತಲೆ ತೆಗೆದು ಸೋಸಿ ಹುರಿದಳು, ಕಾಯಿತುರಿ ಕೆಂಪಗೆ ಹುರಿದಳು, ಮೆಣಸು, ಹುಣಸೆ, ಬೆಳ್ಳುಳ್ಳಿ ಸೇರಿಸಿ ಮಿಕ್ಸಿಗೆ ಹಾಕಿದಳು. ಶಾಹಿನಾ ಅನ್ನಕ್ಕೂ ಗಂಜಿಗೂ ಒಮ್ಮೊಮ್ಮೆ ಬರಿಗೈಯಲ್ಲೂ ತಿನ್ನುತ್ತಿದ್ದ ಚಟ್ನಿಪುಡಿ. ಘಾಟಿಗೆ ಪೂವಕ್ಕ ಸೀನುತ್ತಾ ಬಂದು ತಮ್ಮ ಕುರ್ಚಿಯಲ್ಲಿ ಕೂತರು.

"ಬರುದಿಲ್ಲ ಹೇಳಿದವಳು ಯಾರು ಮತ್ತೆ?"

"ಟಿಕೆಟ್ ಮೊದಲೇ ನೋಡಿ ಇಟ್ಟದ್ದಲ್ವಾ ಅತ್ತೆ. ಸುಮ್ನೆ ಹಾಳು."

"ಹೌದು, ಹೌದು. ಹಾಳು ಮಾಡಬಾರದು," ಎಂದರು ಪೂವಕ್ಕ, ಬಹಳ ಗಂಭೀರವಾಗಿ.

ಅಶ್ವಿತಾ ದೊಡ್ಡ ಬಾಟಲಿಗೆ ಒತ್ತಿ ಒತ್ತಿ ತುಂಬಿದಳು, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿದಳು. ಮಿಕ್ಸಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಒಮ್ಮೆ ನೋಡಿದಳು, ಗೋಡೆಯತ್ತ ಒಮ್ಮೆ ನೋಡಿದಳು. ಗೋಡೆಯಾಚೆ ಈಗ ಯಾರೋ ಫಿಲಿಪೀನಿನವರು. ಆಮೇಲೆ ಕೆಳಗಿನ ಕಪಾಟಿನಿಂದ ಇನ್ನೊಂದು ಬಾಟಲಿ ಹುಡುಕಿ ತೆಗೆದಳು. ಸಣ್ಣದು.

"ಅದು ಯಾರಿಗೆ?" ಪೂವಕ್ಕ ಕೇಳಿದರು.

"ಅವಳಿಗೆ."

"ಯಾರು ಅವಳು?"

"ಉಂಟಲ್ಲ. ಕಾರಿನವಳು."

ಅಶ್ವಿತಾ ಸಣ್ಣ ಬಾಟಲಿ ತುಂಬುವ ಮೊದಲು ಮೆಣಸಿನ ಡಬ್ಬಿಯನ್ನು ಮತ್ತೆ ತೆರೆದಳು. ಒಂದು ಹಿಡಿ ಒಣಮೆಣಸು ಹುರಿದು ಮಿಕ್ಸಿಗೆ ಹಾಕಿ, ಬಹಳ ಹೊತ್ತು ತಿರುಗಿಸಿದಳು.